ಹಸನಾದ ಸೂರ್ಯ

ಅಥವಾ ಅದು ಕಾಕಾನ ಅಭ್ಯಾಸವೇ ಆಗಿರಲಿಲ್ಲವೇನೋ. ನಿನ್ನೆ ಸ್ಟಾಫ್ ರೂಮಿನಲ್ಲಿ ನಾನು ಕನ್ನಡಕ ಒರೆಸುತ್ತಿದ್ದಾಗ ನಮ್ಮ ಡ್ರಾಯಿಂಗ್ ಮಾಸ್ತರರು ನೋಡಿ, ‘ಅಕ್ಕೋರ, ಚಸ್ಮಾ ಹಿಂಗ್ಯಾಕ ಹಿಡೀತೀರಿ? ಸುಡ್ತದೇನ್ರಿ?’ ಎಂದರು. ಆಗ ನನ್ನ ಕೈಯನ್ನು ನಾನೇ ನೋಡಿಕೊಂಡೆ. ಕನ್ನಡಕದ ಅಂಚು ಹೆಬ್ಬೆರಳು ಕಿರುಬೆರಳುಗಳ ನಡುವೆ ಇತ್ತು. ನಡುವಿನ ಮೂರು ಬೆರಳು ಏನನ್ನೂ ಮುಟ್ಟದ ಹಾಗೆ ಮೇಲಕ್ಕೆ ನಿಂತಿದ್ದವು. ‘ನಮ್ಮ ಕಾಕಾ ಹಿಂಗ ಹಿಡೀತಿದ್ರು’ ಎಂದು ಥಟ್ಟನೆ ಹೇಳಿಬಿಟ್ಟೆ. ಹೇಳಿ ಮುಗಿಸುವುದರೊಳಗೆ ಅನುಮಾನ ಬಂತು. ಕಾಕಾ ಹಾಗೆ ಹಿಡಿಯುತ್ತಿದ್ದುದು ದುರ್ಬೀನನ್ನು. ಅವರ ಕನ್ನಡಕವನ್ನು ಹೇಗೆ ಹಿಡಿಯುತ್ತಿದ್ದರೋ ನೆನಪಿಲ್ಲ. ಈ ಬೆರಳಾಟ ನನ್ನದೇ ಇರಬಹುದು. ನಲವತ್ತು ದಾಟಿದ ಮೇಲೆ ಬಂದ ಒಂದು ವಿಚಿತ್ರ ಚಾಳಿಗೆ ಮರ್ಯಾದೆಯ ಮೂಲ ಬೇಕಾಗಿ, ಈಗ ಬದುಕಿಲ್ಲದ ಕಾಕಾನ ಹೆಸರಿಗೆ ಅದನ್ನು ಹಚ್ಚಿರಬಹುದು.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಶಿವಶರಣಪ್ಪ. ಆಳಂದದ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಅವರದು ಅಡತ್ ಅಂಗಡಿ. ರೈತರು ತಂದ ತೊಗರಿಯನ್ನು ನೋಡಿ, ದರ ನಿಲ್ಲಿಸಿ, ಮಾರಿಸಿ ಕೊಡುವ ಕೆಲಸ. ಜೇವರ್ಗಿಯಲ್ಲಿ ಬೆಳೆದ ನನಗೆ ಆಳಂದದ ಶಾಲೆಯಲ್ಲಿ ನೌಕರಿ ಸಿಕ್ಕಾಗ ಅವರ ಮನೆಯಲ್ಲೇ ಇದ್ದೆ. ಎಂಬತ್ತರ ದಶಕದ ನಡುವಿನ ಕೆಲವು ವರ್ಷ. ಆ ಮನೆಯ ಮಾಳಿಗೆಗೆ ಹತ್ತುವ ಮೆಟ್ಟಿಲು ಅಂಗಳದಲ್ಲಿತ್ತೋ ಅಡುಗೆಮನೆಯ ಪಕ್ಕದಲ್ಲಿತ್ತೋ ಹೇಳಲಾರೆ. ಎರಡೂ ಕಡೆಯಿಂದ ಹತ್ತಿದ ನೆನಪಿದೆ. ಅದರಲ್ಲಿ ಒಂದು ಮೆಟ್ಟಿಲು ಜೇವರ್ಗಿಯ ನಮ್ಮ ಮನೆಯದಿರಬೇಕು, ನನ್ನ ಸಾಮಾನಿನ ಜೊತೆ ಬಸ್ಸು ಹತ್ತಿ ಬಂದುಬಿಟ್ಟಿದೆ.

ಮಾಳಿಗೆಯ ಮೇಲೆ ಇದ್ದದ್ದು ಮಾತ್ರ ಖಚಿತ: ಬಿಸಿಲಿಗೆ ಹರವಿದ ಜೋಳ, ಜೋಳದ ಪಕ್ಕದಲ್ಲಿ ಕೇರುವ ಮರ, ಅಂದರೆ ಮೊರ, ಹಿಡಿದು ಕೂತ ಕಾಕಾನ ಹೆಂಡತಿ ಕಾಕು, ಮತ್ತು ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಒಂದು ಹಿತ್ತಾಳೆಯ ದುರ್ಬೀನು. ದಾಲ್ ಮಿಲ್ಲಿನ ಯಂತ್ರದ ಪಟ್ಟಾ ತರಲು ಹೈದರಾಬಾದಿಗೆ ಹೋದಾಗ ಕಾಕಾ ಅದನ್ನು ಹಳೇ ಸಾಮಾನಿನ ಬಜಾರಿನಲ್ಲಿ ಕೊಂಡು ತಂದಿದ್ದರು. ಯಾವನೋ ನವಾಬನದ್ದು ಎಂದು ಮಾರಿದವನು ಹೇಳಿದ್ದನಂತೆ. ಹೈದರಾಬಾದಿನಲ್ಲಿ ಮುರಿದ ಬಕೇಟೂ ನವಾಬನದ್ದೇ ಎಂದು ಕಾಕು ಹೇಳುತ್ತಿದ್ದಳು.

ಆಕಾಶ ನೋಡುವ ಹುಚ್ಚಿನವರು ರಾತ್ರಿ ಎದ್ದು ಕೂರುತ್ತಾರೆ ಎಂದು ನೀವು ತಿಳಿದಿರುತ್ತೀರಿ. ನಮ್ಮ ಓಣಿಯೂ ಹಾಗೇ ತಿಳಿದಿತ್ತು. ‘ಸಾವ್ಕಾರ್ರ, ಹುಣ್ಣಿವಿಗಿ ಚಂದ್ರನ್ನ ತೋರಸ್ರಿ ನಮಗೂ’ ಎಂದು ಯಾರಾದರೂ ಕೇಳಿದರೆ, ‘ರಾತ್ರಿ ನಾ ಮಲಗತೇನಿ. ನನ್ನ ಗಿರಾಕಿ ಹಗಲಿನಾಂವ’ ಎನ್ನುತ್ತಿದ್ದರು. ಅವರು ನೋಡುತ್ತಿದ್ದದ್ದು ಸೂರ್ಯನನ್ನು. ಸೂರ್ಯನ ಮೈಮೇಲಿನ ಕಲೆಗಳನ್ನು ಎಣಿಸುವುದು ಅವರ ಹವ್ಯಾಸ.

ದುರ್ಬೀನಿಗೆ ಕಣ್ಣಿಟ್ಟು ನೋಡುವ ಹಾಗಿಲ್ಲ, ಕಣ್ಣೇ ಸುಟ್ಟುಹೋಗುತ್ತದೆ. ಅದನ್ನು ಸೂರ್ಯನ ಕಡೆ ತಿರುಗಿಸಿ, ಕಣ್ಣಿಡಬೇಕಾದ ತುದಿಯ ಹಿಂದೆ ಒಂದು ತಗಡಿನ ಡಬ್ಬಿಯೊಳಗೆ ಬಿಳಿ ಹಾಳೆ ಇಡುತ್ತಿದ್ದರು. ಹಾಳೆಯ ಮೇಲೆ ಬಟ್ಟಲಿನ ಬಾಯಿಯಷ್ಟು ಅಗಲದ ಸೂರ್ಯ ಬಂದು ಬೀಳುತ್ತಿದ್ದ. ಅದರ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ, ಗುಂಪು ಗುಂಪಾಗಿ. ನಾನು ಮೊದಲ ಸಲ ನೋಡಿದಾಗ ಗಂಜಿನಲ್ಲಿ ತಾಟಿಗೆ ಸುರಿದ ತೊಗರಿಯ ಸ್ಯಾಂಪಲ್ಲಿನಂತೆ ಕಂಡಿತ್ತು. ಈ ಹೋಲಿಕೆ ನನ್ನದೋ ಕಾಕಾ ಹೇಳಿಕೊಟ್ಟದ್ದೋ ತಿಳಿಯದು. ಅಂಗಡಿಯಲ್ಲಿ ಅವರು ಒಂದು ಮುಷ್ಟಿ ತೊಗರಿಯನ್ನು ತಾಟಿಗೆ ಹಾಕಿ, ಒಮ್ಮೆ ಅಲ್ಲಾಡಿಸಿ, ಕಪ್ಪು ಕಾಳು ಎಷ್ಟು, ಹುಳಕು ಎಷ್ಟು ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದರು. ಬೆಳಿಗ್ಗೆ ಸೂರ್ಯನ ಮುಂದೆ, ಆಮೇಲೆ ತೊಗರಿಯ ಮುಂದೆ, ಎರಡೂ ಕಡೆ ಅದೇ ಕಣ್ಣು.

ಇದು ಬರೀ ಚಟವಾಗಿ ಉಳಿಯದ ಹಾಗೆ ಮಾಡಿದವರು ಗುಲ್ಬರ್ಗಾದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಒಬ್ಬ ಸರ್. ತೊಗರಿ ಮಾರಲು ಬಂದವರು ಮಾಳಿಗೆ ಹತ್ತಿ ನೋಡಿ, ಪರದೇಶದಲ್ಲಿ ಇಂಥ ಎಣಿಕೆಗಳನ್ನು ಕೂಡಿಸುವ ಕೇಂದ್ರವೊಂದಿದೆ ಎಂದು ತಿಳಿಸಿದರಂತೆ. ದೊಡ್ಡ ದುರ್ಬೀನುಗಳಿಗೆ ದೂರದ ನಕ್ಷತ್ರಗಳ ಕೆಲಸವೇ ತೀರದು. ಸೂರ್ಯನ ಮುಖದ ಮೇಲೆ ಇವತ್ತು ಏನಿದೆ ಎಂದು ಪ್ರತಿದಿನ ಬರೆದಿಡುವ ಕೆಲಸವನ್ನು ಎಷ್ಟೋ ತಲೆಮಾರುಗಳಿಂದ ಬೇರೆ ಬೇರೆ ಕಸುಬಿನ ಮಂದಿ ತಮ್ಮ ತಮ್ಮ ಮಾಳಿಗೆಗಳ ಮೇಲೆ ಮಾಡಿಕೊಂಡು ಬಂದಿದ್ದಾರೆ. ಒಂದು ದೇಶದಲ್ಲಿ ಮೋಡ ಮುಸುಕಿದ ದಿನ ಇನ್ನೊಂದು ದೇಶದಲ್ಲಿ ಯಾರಾದರೂ ನೋಡಿರಬೇಕು. ‘ನಮ್ಮ ಕಡಿ ಬ್ಯಾರೆ ಏನ ಇರಲಿ ಬಿಡಲಿ, ಬಿಸಲಿಗಿ ಬರಾ ಇಲ್ಲ. ನೀವ್ಯಾಕ ಕಳಸಬಾರ್ದು?’ ಎಂದರಂತೆ ಆ ಸರ್. ಅಂದಿನಿಂದ ಪ್ರತಿ ತಿಂಗಳ ಕೊನೆಗೆ ಆಳಂದದಿಂದ ಒಂದು ಲಕೋಟೆ ಸಮುದ್ರ ದಾಟಿ ಹೋಗುತ್ತಿತ್ತು. ಕಾಕಾ ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ಕೊಟ್ಟ ಮಾಲಿನ ಮೇಲೆ ಮತ್ತೆ ಕೈಯಾಡಿಸಬಾರದು ಎನ್ನುತ್ತಿದ್ದರು.

ಆ ಕೇಂದ್ರದವರು ಪ್ರತಿಯೊಬ್ಬ ಎಣಿಸುವವನಿಗೂ ಒಂದು ಗುಣಕ ಕೊಡುತ್ತಿದ್ದರು. ಒಬ್ಬನ ಕಣ್ಣು ಚುರುಕು, ಇನ್ನೊಬ್ಬನದು ಮಂದ. ಒಬ್ಬನ ದುರ್ಬೀನು ದೊಡ್ಡದು, ಇನ್ನೊಬ್ಬನದು ನವಾಬನದ್ದು. ಆದ್ದರಿಂದ ನಿಮ್ಮ ಎಣಿಕೆಯನ್ನು ಎಷ್ಟರಿಂದ ಗುಣಿಸಿದರೆ ಎಲ್ಲರ ಲೆಕ್ಕಕ್ಕೆ ಕೂಡುತ್ತದೆ ಎಂಬ ಅಂಕಿ ಅದು. ಕಾಕಾನದು ಒಂದಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಇದ್ದದ್ದಕ್ಕಿಂತ ಸ್ವಲ್ಪ ಕಡಿಮೆ ಅವರಿಗೆ ಕಾಣುತ್ತಿತ್ತು. ಆ ಅಂಕಿ ಬಂದ ದಿನ ಊಟಕ್ಕೆ ಕೂತಾಗ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿರುವ ಮಾತುಗಳನ್ನೇ ನಾನು ಹೆಚ್ಚು ನಂಬುವುದಿಲ್ಲ, ಆದರೂ ಬರೆಯುತ್ತೇನೆ.

‘ಅಂದ್ರ ಅವರು ನಿಮ್ಮನ್ನ ನಂಬಂಗಿಲ್ಲ ಅಂದಂಗಾತು’ ಎಂದಳು ಕಾಕು.

‘ನಂಬತಾರ. ನಾ ಎಷ್ಟ ತಪ್ಪತೇನಿ ಅನ್ನೂದನ್ನೂ ಕೂಡ್ಸಿ ನಂಬತಾರ.’

‘ತಪ್ಪೂದು ಗೊತ್ತಿದ್ದ ಮ್ಯಾಲ ಎಣಸೂದ್ಯಾಕ?’

‘ದಿನಾ ಅಷ್ಟಽ ತಪ್ಪಿದ್ರ ನಡೀತದ ಬೇ. ಇವತ್ತೊಂದು ಥರ, ನಾಳಿಗೊಂದು ಥರ ತಪ್ಪಬಾರ್ದು. ತಕ್ಕಡಿ ಹಂಗ. ಯಾವ ಕಡಿ ಜಗ್ಗತದ ಗೊತ್ತಿದ್ರ ತೂಕ ಮಾಡಾಕ ಬರ್ತದ.’

ಕಾಕು ನನ್ನ ಕಡೆ ತಿರುಗಿದಳು. ‘ಕೇಳಿದೇನ? ಲಗ್ನಾದಾಗಿಂದ ಇವರು ಅದನ್ನಽ ಮಾಡಾಕತ್ತಾರ. ದಿನಾ ಅಷ್ಟಽ ತಪ್ಪತಾರ. ನಾನೂ ಗುಣಸ್ಕೊಂಡು ಹೊಂಟೇನಿ.’

ನನ್ನ ನೆನಪಿಗೂ ಅಂಥದೊಂದು ಅಂಕಿ ಸಿಕ್ಕಿದ್ದರೆ ಈ ಪ್ರಬಂಧ ಬರೆಯುವುದು ಸುಲಭವಾಗುತ್ತಿತ್ತು. ಇವಳು ಹೇಳಿದ್ದನ್ನು ಇಷ್ಟರಿಂದ ಗುಣಿಸಿ ಓದಿಕೊಳ್ಳಿ ಎಂದು ಮೊದಲ ಸಾಲಿನಲ್ಲೇ ತಿಳಿಸಿ ನಿಶ್ಚಿಂತಳಾಗಬಹುದಿತ್ತು. ಆದರೆ ನನ್ನ ನೆನಪು ಕಾಕಾನ ಕಣ್ಣಿನಂತೆ ದಿನವೂ ಒಂದೇ ರೀತಿ ತಪ್ಪುವುದಿಲ್ಲ.

ಬೆರಳಿನ ವಿಷಯಕ್ಕೆ ಬರುತ್ತೇನೆ. ಕಾಕಾ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡ ಮೇಲೆಯೇ ನೀರು ಮುಟ್ಟುತ್ತಿದ್ದರು. ಆಮೇಲೆ ಮಾಳಿಗೆ. ನಾನು ಹೋದ ಮೊದಲ ವರ್ಷ ಸೂರ್ಯನ ಮೇಲೆ ಒಂದು ಹೊಸ ಕಲೆ ಕಾಣಿಸಿತು. ಸೂರ್ಯ ತನ್ನ ಸುತ್ತ ತಾನು ತಿರುಗುವುದರಿಂದ ಕಲೆಗಳು ದಿನದಿಂದ ದಿನಕ್ಕೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತವೆ. ಇದು ಮಾತ್ರ ಕೆಲವು ದಿನವಾದರೂ ಇದ್ದಲ್ಲೇ ಇತ್ತು. ಕಾಕಾನದು ಊಟದ ಹೊತ್ತಿಗೂ ಅದೇ ಮಾತು, ಗಂಜಿಗೆ ಹೋಗುವಾಗಲೂ ಅದೇ ಮಾತು. ಪ್ರಪಂಚದಲ್ಲಿ ಯಾರಿಗೂ ಕಾಣದ್ದು ಆಳಂದದಲ್ಲಿ ಕಂಡಿದೆ ಎಂಬ ಹೊಳಪು ಮುಖದಲ್ಲಿತ್ತು.

ಒಂದು ಬೆಳಿಗ್ಗೆ ಅವರು ಹಾಳೆಯ ಮುಂದೆ ಸುಮ್ಮನೆ ಕೂತಿದ್ದರು. ದುರ್ಬೀನನ್ನು ಅಲ್ಲಾಡಿಸದೆ ಬಿಟ್ಟರೆ ಸೂರ್ಯನ ಬಿಂಬ ತಾನಾಗಿ ಹಾಳೆಯ ಮೇಲೆ ಮೆಲ್ಲಗೆ ಜಾರುತ್ತದೆ. ಕಲೆಗಳು ಅದರ ಜೊತೆಗೇ ಜಾರುತ್ತವೆ. ಅವತ್ತು ಸೂರ್ಯ ಜಾರಿದ, ಕಲೆ ಇದ್ದಲ್ಲೇ ನಿಂತಿತು. ಕಾಕಾ ಬಹಳ ಹೊತ್ತು ಅದನ್ನೇ ನೋಡಿ, ಆಮೇಲೆ ಹಾಳೆಗೆ ಹತ್ತಿರದ ಗಾಜನ್ನು ಬೆರಳಿನಿಂದ ಒರೆಸಿದರು. ಬೆಳಕನ್ನು ತಡೆದು ಹಾಳೆಯ ಮೇಲೆ ಕಪ್ಪಗೆ ಬಿದ್ದದ್ದು ಬೆರಳ ತುದಿಗೆ ಬೆಳ್ಳಗೆ ಹತ್ತಿತು. ಅದನ್ನು ನೋಡಿದರು, ಕೈ ಎತ್ತಿ ಹಣೆ ಮುಟ್ಟಿಕೊಂಡರು. ವಿಭೂತಿ.

ಆ ತಿಂಗಳ ಹಾಳೆಯಲ್ಲಿ ಅಷ್ಟೂ ದಿನಗಳ ಎಣಿಕೆ ತೆಗೆದುಹಾಕಿ ಎಂದು ಕೇಂದ್ರಕ್ಕೆ ಬರೆದರು. ವಿಭೂತಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂದು ನನ್ನನ್ನು ಕೇಳಿದರು. ‘ಪವಿತ್ರವಾದ ಬೂದಿ’ ಎಂಬರ್ಥ ಬರುವ ಹಾಗೆ ಹೇಳಿಕೊಟ್ಟೆ. ‘ಬೂದಿ ಅಷ್ಟಽ ಸಾಕು, ಪವಿತ್ರ ಅದನೋ ಇಲ್ಲೋ ಗಾಜಿಗೇನ ಗೊತ್ತು’ ಎಂದರು. ದುರ್ಬೀನು ಮೊದಲು, ಪೂಜೆ ಆಮೇಲೆ ಎಂದು ಬದಲಿಸಿಕೊಳ್ಳಬಹುದೇ ಎಂಬ ಮಾತೂ ಬಂತು. ‘ಪೂಜಿ ಹಿಂದ ಹಾಕ್ರಿ, ನೋಡೂಣು. ಆವತ್ತಽ ನಿಮ್ಮ ಒಲಿ ಬ್ಯಾರೆ, ನನ್ನ ಒಲಿ ಬ್ಯಾರೆ’ ಎಂದಳು ಕಾಕು. ಕೈ ತೊಳೆದರೂ ಬೆರಳ ಗೆರೆಗಳಲ್ಲಿ ಬೂದಿ ಉಳಿಯುತ್ತಿತ್ತು. ಕೊನೆಗೆ ಕಾಕಾ ವಿಭೂತಿಯ ಮೂರು ಬೆರಳಿಗೆ ದುರ್ಬೀನನ್ನು ನಿಷೇಧಿಸಿದರು. ಹೆಬ್ಬೆರಳು ಕಿರುಬೆರಳಿನಿಂದಲೇ ತಿರುಪು ತಿರುಗಿಸುವುದು, ಗಾಜು ಹಿಡಿಯುವುದು. ಪುಟ್ಟ ಕಲೆ ಕಂಡರೆ ಬಿಂಬ ಜಾರುವವರೆಗೆ ಕಾದು ನೋಡಿ ಆಮೇಲೆ ಬರೆಯುವುದು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕೆನ್ನಿಸುತ್ತದೆ. ಕಾಕಾ ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹಿಂದೆ ಯೂರೋಪಿನಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದನಂತೆ. ಸೂರ್ಯನಿಗೆ ತೀರ ಹತ್ತಿರ ಯಾರೂ ಕಾಣದ ಗ್ರಹವೊಂದು ಸುತ್ತುತ್ತಿದೆ, ಅದು ಸೂರ್ಯನ ಮುಂದೆ ದಾಟುವಾಗ ಚುಕ್ಕೆಯಂತೆ ಕಂಡೀತು ಎಂದು ಅವನ ನಂಬಿಕೆ. ಗ್ರಹದ ಚುಕ್ಕೆ ಯಾವುದು, ಕಲೆಯ ಚುಕ್ಕೆ ಯಾವುದು ಎಂದು ಗೊತ್ತಾಗಬೇಕಲ್ಲ, ಅದಕ್ಕೆ ದಿನವೂ ಕಲೆಗಳನ್ನು ಬರೆದು ಬೇರ್ಪಡಿಸುತ್ತ ಹೋದ. ಗ್ರಹ ಸಿಗಲೇ ಇಲ್ಲ, ಅದು ಇರಲೂ ಇಲ್ಲ. ಆದರೆ ವರ್ಷಗಟ್ಟಲೆ ಬೇರ್ಪಡಿಸಿಟ್ಟ ಕಸವನ್ನು ನೋಡಿದರೆ ಅದಕ್ಕೊಂದು ಏರಿಳಿತವಿತ್ತು. ಕಲೆಗಳು ತುಂಬಿಕೊಳ್ಳುತ್ತವೆ, ಖಾಲಿಯಾಗುತ್ತವೆ, ಮತ್ತೆ ತುಂಬಿಕೊಳ್ಳುತ್ತವೆ. ಒಂದು ಸುತ್ತಿಗೆ ಸುಮಾರು ಹನ್ನೊಂದು ವರ್ಷ. ‘ಹಸನ ಮಾಡಾಕ ಕೂತಾಂವಗ ಹಳ್ಳಿನಾಗಽ ಮಾಲ್ ಸಿಕ್ಕಿತು’ ಎಂದು ಕಾಕಾ ಮುಗಿಸುತ್ತಿದ್ದರು.

ಹಸನ ಎಂಬುದು ನಮ್ಮ ಕಡೆ ಅಡುಗೆಮನೆಯ ಮಾತು. ಜೋಳ, ತೊಗರಿ, ಅಕ್ಕಿಯಲ್ಲಿನ ಹಳ್ಳು, ಅಂದರೆ ಸಣ್ಣ ಕಲ್ಲು, ಮತ್ತು ಕಸ ಆರಿಸಿ ತೆಗೆದರೆ ಹಸನ ಮಾಡಿದ ಹಾಗೆ. ಆ ಮಾತು ಸೂರ್ಯನಿಗೆ ಅಂಟಿಕೊಂಡದ್ದು ಕಾಕುವಿನಿಂದ. ನಾನಿದ್ದ ವರ್ಷಗಳು ಕಲೆಗಳು ಇಳಿಮುಖವಾಗಿದ್ದ ಕಾಲ. ದಿನದಿಂದ ದಿನಕ್ಕೆ ಹಾಳೆ ಬರಿದಾಗುತ್ತಿತ್ತು. ಒಂದು ದಿನ ಕಾಕು ಮರ ಹಿಡಿದು ಆ ಕಡೆ ಹೋಗುವಾಗ ಬಗ್ಗಿ ನೋಡಿ, ‘ಇವತ್ತ ಹಸನ ಅದ ನೋಡ್ರಿ ನಿಮ್ಮ ಸೂರ್ಯಾ, ಒಂದ ಹಳ್ಳಿಲ್ಲ’ ಎಂದಳು. ಕಾಕಾನಿಗೆ ಆ ಮಾತು ಇಷ್ಟವಾಯಿತು. ಆಮೇಲೆ ಅವರೂ ಸೊನ್ನೆ ಎನ್ನುತ್ತಿರಲಿಲ್ಲ. ‘ಇವತ್ತ ಹಸನ’ ಎನ್ನುತ್ತಿದ್ದರು. ಆದರೆ ಕಾಕು ಅದನ್ನು ಹೇಳುವಾಗ ಕೆಲಸ ಮುಗಿದ ಸಮಾಧಾನವಿರುತ್ತಿತ್ತು. ಕಾಕಾ ಹೇಳುವಾಗ ಆ ಸಮಾಧಾನವಿರುತ್ತಿರಲಿಲ್ಲ.

ಏಕೆಂದರೆ ಅಷ್ಟು ಹೊತ್ತಿಗೆ ಅವರ ಕಣ್ಣು ಮಂಜಾಗತೊಡಗಿತ್ತು. ನನಗೆ ಗೊತ್ತಾದದ್ದು ಕಾಕುವಿನಿಂದ, ಕಾಕುವಿಗೆ ಗೊತ್ತಾದದ್ದು ಅಂಗಡಿಯ ಹಮಾಲನಿಂದ. ಇಬ್ಬರನ್ನು ದಾಟಿ ಬಂದ ಮಾತು, ಯಾವುದರಿಂದ ಗುಣಿಸಬೇಕೋ ಗುಣಿಸಿಕೊಳ್ಳಿ. ಮಾದನಹಿಪ್ಪರಗಾದ ರೈತನೊಬ್ಬ ತೊಗರಿ ತಂದಿದ್ದ. ಕಾಕಾ ತಾಟು ಅಲ್ಲಾಡಿಸಿ, ಮಾಲು ಚೊಕ್ಕ ಅದ ಎಂದರಂತೆ. ರೈತ ತಾಟನ್ನು ಅವರ ಮುಖದ ಹತ್ತಿರ ತಂದು, ‘ಸಾವ್ಕಾರ್ರ, ಹುಳಕ ಕಾಣವಲ್ದೇನ್ರಿ? ನನ್ನ ಮಾಲದಾಗಿನ ಹುಳಾ ನಾನಽ ತೋರಸಬೇಕೇನು?’ ಎಂದನಂತೆ. ಗಂಜಿನಲ್ಲಿ ಎಲ್ಲರೂ ನಕ್ಕರು. ರೈತನೂ ನಕ್ಕ. ಕಾಕಾ ಮಾತ್ರ ತಾಟು ಕೆಳಗಿಟ್ಟರಂತೆ.

ಊರಿಗೆ ಕಾರಣ ಸಿದ್ಧವಾಗಿಯೇ ಇತ್ತು. ಎಂಬತ್ತರ ಸೂರ್ಯಗ್ರಹಣದ ದಿನ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ಮಾಳಿಗೆಯ ಮೇಲಿದ್ದವರು ಕಾಕಾ ಒಬ್ಬರೇ, ಸೂರ್ಯ ಸೇಡು ತೀರಿಸಿಕೊಂಡಿದ್ದಾನೆ ಎಂದು ಆಡಿಕೊಂಡರು. ಸೋಲಾಪುರದ ಕಣ್ಣಿನ ಡಾಕ್ಟರು ಮಾತ್ರ ಇದು ವಯಸ್ಸಿನ ಪೊರೆ, ಸೂರ್ಯನಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಎಡಗಣ್ಣು ಮೊದಲಿನಿಂದಲೂ ದುರ್ಬಲ. ಕೆಲಸ ಮಾಡುತ್ತಿದ್ದದ್ದು ಬಲಗಣ್ಣು, ಪೊರೆ ಬಂದದ್ದೂ ಅದಕ್ಕೇ. ಬೇಗ ಆಪರೇಷನ್ ಮಾಡಿಸಬೇಕು, ಹೆಚ್ಚು ಬಲಿಯಲು ಬಿಟ್ಟರೆ ಕಣ್ಣೇ ಹೋದೀತು ಎಂದೂ ಹೇಳಿದರು.

ಕಾಕಾ ಒಪ್ಪಲಿಲ್ಲ. ಅವರ ತಕರಾರು ಭಯದ್ದಲ್ಲ. ‘ಪೊರಿ ತಗದು ದಪ್ಪ ಚಸ್ಮಾ ಹಾಕಿದ್ರ ಅದು ಬ್ಯಾರೆ ಕಣ್ಣಾಗ್ತದ. ಅದರ ಗುಣಕ ಯಾರ ಹತ್ರನೂ ಇಲ್ಲ. ಸೂರ್ಯ ತುಂಬಿದ್ದನ್ನ ಈ ಕಣ್ಣ ನೋಡ್ಯದ, ಖಾಲಿ ಆಗೂದನ್ನ ಈ ಕಣ್ಣ ನೋಡ್ಯದ. ಮತ್ತ ಸುರು ಆಗೂದನ್ನೂ ಇದಽ ನೋಡಬೇಕು.’ ಹೊಸ ಸುತ್ತು ಶುರುವಾದದ್ದನ್ನು ಗುರುತಿಸುವ ಬಗೆಯನ್ನು ನನಗೆ ಅವರೇ ವಿವರಿಸಿದ್ದರು. ಹಳೆಯ ಸುತ್ತಿನ ಕೊನೆಯ ಕಲೆಗಳು ಸೂರ್ಯನ ನಡುಪಟ್ಟಿಯ ಹತ್ತಿರ ಇರುತ್ತವೆ. ಹೊಸ ಸುತ್ತಿನವು ಮೊದಲು ಬರುವುದು ನಡುವಿನಿಂದ ದೂರ, ಮೇಲಕ್ಕೆ ಅಥವಾ ಕೆಳಕ್ಕೆ. ‘ಹೊಲದ ನಡಬರಕಲ್ಲ, ಬದುವಿನ ಕಡಿ’ ಎನ್ನುತ್ತಿದ್ದರು. ಅಂಥ ಒಂದೇ ಒಂದು ಕಲೆ ಅವರಿಗೆ ಬೇಕಾಗಿತ್ತು. ಮಂಜು ಪೂರ್ತಿ ಇಳಿಯುವುದರೊಳಗೆ ಬೇಕಾಗಿತ್ತು.

‘ಅದೊಂದು ಕಂಡ ಮ್ಯಾಲ ಸೋಲಾಪುರದ ಬಸ್ ಹತ್ತತೇನಿ. ಅದರಕಿಂತ ಮೊದಲ ಕೇಳಬ್ಯಾಡ್ರಿ’ ಎಂದು ನಮ್ಮಿಬ್ಬರ ಮುಂದೆ ಕರಾರು ಹಾಕಿದರು.

‘ಅಗ ಬಾಯಿ’ ಎಂದಳು ಕಾಕು. ಅವಳ ತವರು ಗಡಿಯ ಖಜೂರಿ, ಬೇಸರವಾದಾಗ ಮರಾಠಿ ಬರುತ್ತಿತ್ತು. ‘ದಿನಾ ನಾನಽ ಮ್ಯಾಲ ನೋಡಿ ಬೇಡ್ಕೊಬೇಕೇನು? ಯಪ್ಪಾ ಸೂರ್ಯಾ, ಒಂದರ ಹೊಲಸ ಮಾಡ್ಕೊ ಅಂತ?’

ಆಮೇಲಿನ ತಿಂಗಳುಗಳಲ್ಲಿ ಮಾಳಿಗೆಯ ಮೇಲೆ ಬೆಳಿಗ್ಗೆ ಮೂವರೂ ಇರುತ್ತಿದ್ದೆವು. ಕಾಕಾ ಹಾಳೆಗೆ ಮೂಗು ತಾಗುವಷ್ಟು ಬಗ್ಗುತ್ತಿದ್ದರು. ನಮ್ಮನ್ನು ಕೇಳುತ್ತಿರಲಿಲ್ಲ. ಒಂದು ಸಲ ನಾನಾಗಿಯೇ, ‘ನಾ ನೋಡಿ ಹೇಳ್ಲೇನು ಕಾಕಾ?’ ಎಂದೆ. ‘ಬ್ಯಾಡ. ಮೂರ ಕಣ್ಣ ಕೂಡ್ಸಿ ಒಂದ ಹಾಳಿ ಬರದ್ರ ಅದು ಯಾರ ತಪ್ಪೂ ಆಗಂಗಿಲ್ಲ’ ಎಂದರು. ಇಲ್ಲ, ಆ ಮಾತು ಅಷ್ಟು ಚೊಕ್ಕಟವಾಗಿ ಹೇಳಿರಲಿಕ್ಕಿಲ್ಲ. ಬರೀ ‘ಬ್ಯಾಡ’ ಎಂದಿರಬೇಕು. ಉಳಿದದ್ದನ್ನು ನಾನು ಹಸನ ಮಾಡಿದ್ದೇನೆ.

ಇನ್ನು ಆ ಬೆಳಗಿನ ವಿಷಯ. ಮಳೆಗಾಲ ಶುರುವಾಗಿತ್ತು, ಬಿತ್ತನೆಯ ದಿನಗಳು, ಆಕಾಶದಲ್ಲಿ ಮೋಡ ಓಡಾಡುತ್ತಿತ್ತು. ಶಾಲೆ ಇರಲಿಲ್ಲವಾದ್ದರಿಂದ ಭಾನುವಾರವಿರಬೇಕು, ಅಥವಾ ನಾನು ರಜೆ ಹಾಕಿರಬೇಕು. ಚಹಾ ತೆಗೆದುಕೊಂಡು ಮೇಲೆ ಹೋದೆ. ಕಾಕು ಜೋಳ ಹಸನ ಮಾಡುತ್ತಿದ್ದಳು. ಕಾಕಾ ಹಾಳೆಯಿಂದ ತಲೆ ಎತ್ತದೆ, ‘ಅಕ್ಕೋರ, ಇಲ್ಲಿ ಬರ್ರಿ ಜರಾ’ ಎಂದರು. ಚೇಷ್ಟೆ ಮಾಡುವಾಗ ಶಾಲೆಯವರು ಟೀಚರನ್ನು ಕರೆಯುವ ಹಾಗೆ ನನ್ನನ್ನು ಅಕ್ಕೋರ ಎನ್ನುತ್ತಿದ್ದರು. ಅವತ್ತು ದನಿಯಲ್ಲಿ ಚೇಷ್ಟೆ ಇರಲಿಲ್ಲ.

‘ಇಲ್ಲಿ, ಮ್ಯಾಲಿನ ಕಡಿ. ಏನರ ಅದ ಏನು?’

ಅಷ್ಟು ದಿನ ನಮ್ಮನ್ನು ಕೇಳದವರು ಕೇಳಿದರು. ನೋಡಿದೆ. ಬಿಂಬದ ನಡುವಿನಿಂದ ಸಾಕಷ್ಟು ಮೇಲೆ, ಗಸಗಸೆಗಿಂತ ಸಣ್ಣದಾಗಿ, ಕಪ್ಪಗೆ ಏನೋ ಇತ್ತು.

‘ಏನೋ ಅದ ಕಾಕಾ’ ಎಂದೆ.

ಕಾಕು ಮರವನ್ನು ಸೊಂಟಕ್ಕಿಟ್ಟುಕೊಂಡು ಬಂದು ಬಗ್ಗಿದಳು. ನಮ್ಮ ಮೂವರಲ್ಲಿ ಅವಳ ಕಣ್ಣೇ ಚುರುಕು. ಒಂದು ಕ್ಷಣ ನೋಡಿ, ‘ಈಬತ್ತಿ ಅದು’ ಎಂದಳು. ವಿಭೂತಿಗೆ ನಮ್ಮ ಕಡೆಯ ಮಾತು ಅದು.

‘ಸರೀಲಿ, ನೋಡೂಣು’ ಎಂದರು ಕಾಕಾ.

ದುರ್ಬೀನನ್ನು ಮುಟ್ಟದೆ ಮೂವರೂ ಕಾದೆವು. ಬಿಂಬದ ಜೊತೆ ಚುಕ್ಕೆ ಜಾರಿದರೆ ಸೂರ್ಯನದು, ನಿಂತರೆ ವಿಭೂತಿ. ಬಿಂಬ ಜಾರತೊಡಗಿತು ಎನ್ನುವಷ್ಟರಲ್ಲಿ ಮೋಡ ಬಂತು. ಹಾಳೆ ಬೂದುಬಣ್ಣಕ್ಕೆ ತಿರುಗಿ ಎಲ್ಲ ಅಳಿಸಿಹೋಯಿತು. ಆ ಮೋಡದ ಹೊತ್ತಿನಲ್ಲಿ ಕಾಕು ಸೆರಗಿನ ತುದಿಯಿಂದ ಗಾಜು ಒರೆಸಿದಳು. ಬಿಸಿಲು ಮತ್ತೆ ಬಂದಾಗ ಕಾಕಾ ಎರಡೇ ಬೆರಳಿನಿಂದ ದುರ್ಬೀನನ್ನು ಸೂರ್ಯನ ಕಡೆ ತಂದರು. ಹಾಳೆಯ ಮೇಲೆ ಬಿಳಿ ಬಿಂಬ, ಬೇರೇನೂ ಇಲ್ಲ.

‘ನೋಡ್ರಿ, ಹಸನ ಅದ. ಈಬತ್ತಿನಽ ಆಗಿತ್ತು’ ಎಂದಳು ಕಾಕು.

ಒರೆಸಿದ ಮೇಲೆ ಹೋಯಿತೆಂದರೆ ವಿಭೂತಿಯೇ ಎಂದು ನೀವು ಹೇಳುತ್ತೀರಿ. ನಾನೂ ಆಗ ಹಾಗೇ ಅಂದುಕೊಂಡೆ. ಆದರೆ ಮೋಡದ ತೆಳುವಾದ ಪದರ ಇನ್ನೂ ಇತ್ತು, ತಿರುಪು ಒಂದು ಕೂದಲೆಳೆ ತಿರುಗಿದ್ದರೂ ಬಿಂಬ ಮಸುಕಾಗುತ್ತದೆ, ಅಷ್ಟು ಸಣ್ಣ ಕಲೆ ಆ ಮಸುಕಿನಲ್ಲಿ ಉಳಿಯುವುದಿಲ್ಲ. ಕಾಕಾ ಮತ್ತೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

‘ನಿನಗ ಸರದಂಗ ಕಾಣತೇನು?’ ಎಂದು ನನ್ನನ್ನು ಕೇಳಿದರು.

‘ಗೊತ್ತಾಗಲಿಲ್ಲ ಕಾಕಾ.’

‘ನಿನಗ?’ ಇದು ಕಾಕುವಿಗೆ.

‘ನನಗ ಕಂಡದ್ದು ಈಬತ್ತಿ’ ಎಂದಳು.

ಹೌದು, ಸರಿಯಿತು ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕರಾರಿನ ಪ್ರಕಾರ ಅವತ್ತೇ ಸೋಲಾಪುರದ ಬಸ್ಸು. ಅವಳಿಗೆ ಅದಕ್ಕಿಂತ ಬೇರೇನೂ ಬೇಕಾಗಿರಲಿಲ್ಲ. ದಿನವೂ ಆ ಕಣ್ಣಿಗಾಗಿ ಹೆದರುತ್ತಿದ್ದವಳು ಅವಳು. ಆದರೂ ಹೇಳಲಿಲ್ಲ. ಕಾಕಾ ನಮಗೆ ಬೆನ್ನು ಮಾಡಿ ಹಾಳೆಯ ಮೇಲೆ ಏನೋ ಬರೆದರು. ಬರೆದದ್ದು ಸೊನ್ನೆಯಾಗಿರಬಹುದು, ಒಂದು ಕಲೆಯಾಗಿರಬಹುದು, ನೋಡಲಾಗಲಿಲ್ಲ ಎಂದಾಗಿರಬಹುದು. ಕೈ ಆಡಿದ್ದು ಕಂಡಿತು, ಬರೆದದ್ದು ಕಾಣಲಿಲ್ಲ. ತಿಂಗಳ ಕೊನೆಗೆ ಅದು ಲಕೋಟೆಯಲ್ಲಿ ಹೋಯಿತು.

ಮುಂದೆ ಕೆಲವು ದಿನ ಮೋಡ ಬಿಡಲೇ ಇಲ್ಲ. ಅಷ್ಟರಲ್ಲಿ ಆ ಚುಕ್ಕೆ ಇದ್ದರೂ ಅಳಿದಿರುತ್ತಿತ್ತು, ಇಲ್ಲವೇ ಸೂರ್ಯನ ಜೊತೆ ತಿರುಗಿ ಹಿಂದಕ್ಕೆ ಹೋಗಿರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಕಾಕಾ ಅಂಗಳದಲ್ಲಿ ಕೈಚೀಲ ಹಿಡಿದು ನಿಂತಿದ್ದಾರೆ. ‘ನಡೀರಿ, ಸೋಲಾಪುರಕ್ಕ’ ಎಂದರು.

ಬಸ್ಸು ಖಜೂರಿಯಲ್ಲಿ ನಿಂತಾಗ ಚಹಾ ಕುಡಿದೆವು. ಲಾರಿಗಳು ಮಹಾರಾಷ್ಟ್ರದ ಕಡೆ ಸಾಲಾಗಿ ಹೋಗುತ್ತಿದ್ದವು. ತನ್ನ ತವರಿನ ನೆಲದ ಮೇಲೆ ಕಾಲಿಟ್ಟ ಧೈರ್ಯಕ್ಕೋ ಏನೋ, ಕಾಕು ಕೇಳಿಯೇಬಿಟ್ಟಳು.

‘ಕಂಡ ಮ್ಯಾಲ ಹೋಗತೇನಿ ಅಂದಿದ್ರಿ.’

‘ಹೊಂಟೇವಲ್ಲ.’

‘ಅಂದ್ರ, ಕಂಡಿತ್ತೇನು?’

‘ನೀನಽ ಹೇಳಿದೆಲ್ಲ, ಈಬತ್ತಿ ಅಂತ’ ಎಂದು ಕಾಕಾ ಚಹಾದ ಗ್ಲಾಸು ಬಾಯಿಗೆ ಇಟ್ಟುಕೊಂಡರು. ಗ್ಲಾಸನ್ನು ಹೆಬ್ಬೆರಳು ಕಿರುಬೆರಳಿನಲ್ಲಿ ಹಿಡಿದಿದ್ದರು ಎಂದು ಬರೆಯಬೇಕೆನ್ನಿಸುತ್ತಿದೆ. ಅದು ಈಗ ಹೊಳೆದ ವಿವರವಾದ್ದರಿಂದ ಬಿಡುತ್ತೇನೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಗಂಜಿನಲ್ಲಿ ಮತ್ತೆ ತಾಟು ಹಿಡಿದರು, ಹುಳಕು ಕಂಡುಹಿಡಿದರು, ಮಾದನಹಿಪ್ಪರಗಾದವನನ್ನು ಕರೆಸಿ ಚಹಾ ಕುಡಿಸಿದರು. ಆದರೆ ದುರ್ಬೀನನ್ನು ಟ್ರಂಕಿಗೆ ಹಾಕಿದರು. ಆ ಕಣ್ಣಿನ ಎಣಿಕೆ ಮುಗಿಯಿತು ಎಂದು ಕೇಂದ್ರಕ್ಕೆ ಬರೆದಿದ್ದರು. ಹೊಸಬರಾಗಿ ಮತ್ತೆ ಶುರುಮಾಡಬಹುದು, ಹೊಸ ಗುಣಕ ಕೊಡುತ್ತೇವೆ ಎಂದು ಅವರು ಮರ್ಯಾದೆಯಿಂದ ಉತ್ತರಿಸಿದರು. ಮಾಡಿರಿ ಕಾಕಾ ಎಂದು ನಾನು ಬಹಳ ಒತ್ತಾಯ ಮಾಡಿದೆ. ‘ಈ ಚಸ್ಮಾದಾಂವ ಬ್ಯಾರೆ ಮನಶಾ. ಅಂವಗ ಸೂರ್ಯನ ಗುರ್ತಿಲ್ಲ’ ಎಂದರು.

ಮುಂದೆ ಕೆಲವೇ ವರ್ಷಗಳಲ್ಲಿ ಸೂರ್ಯ ಕಲೆಗಳಿಂದ ತುಂಬಿ ಹೋದನಂತೆ. ಪತ್ರಿಕೆಯಲ್ಲಿ ಓದಿ ಅವರಿಗೆ ಹೇಳಿದೆ. ‘ಆಗಬೇಕಲ್ಲ’ ಎಂದರು, ಅಷ್ಟೇ. ಅಷ್ಟರಲ್ಲಿ ನನಗೆ ಅಫಜಲಪುರಕ್ಕೆ ವರ್ಗವಾಗಿತ್ತು. ಕಾಕಾ ಹೋದದ್ದು ಆಮೇಲೆ, ನಿದ್ದೆಯಲ್ಲಿ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ಹೋದ ವರ್ಷ ಆಳಂದಕ್ಕೆ ಹೋದಾಗ ಕಾಕುವನ್ನು ಕೇಳಿದೆ. ಅವಳು ಈಗಲೂ ಜೋಳವನ್ನು ತಾನೇ ಹಸನ ಮಾಡುತ್ತಾಳೆ, ಬೇರೆಯವರು ಮಾಡಿದ್ದು ಅವಳಿಗೆ ನಡೆಯುವುದಿಲ್ಲ.

‘ಕಾಕು, ಅವತ್ತ ಮೋಡ ಬಂದಾಗ ನೀ ಗಾಜ ಯಾಕ ಒರಸಿದಿ?’

‘ಯಾವ ಗಾಜ?’

‘ದುರ್ಬೀನಿಂದು. ಸೆರಗಿಲೆ ಒರಸಿದೆಲ್ಲ.’

ಮರ ಅಲ್ಲಾಡುವುದು ನಿಂತಿತು. ‘ನಾ ಯಾವಾಗ ಒರಸಿದ್ನೆ ಬೇ? ನಂದೂ ಈಬತ್ತಿ ಹಚ್ಕೊಂಡ ಕೈ. ಆ ದುರ್ಬೀನಿಗಿ ನಾ ಒಂದಿನ ಸತೇಕ ಕೈ ಹಚ್ಚಿಲ್ಲ.’

‘ಮತ್ತ ಯಾರು ಒರಸಿದ್ರು?’

‘ನೀನಽ. ನಿನ್ನ ಸೆರಗಿಲೆ. ಅವರಂಗಽ ಎರಡ ಬೆರಳಿಲೆ ಹಿಡದು ಒರಸಿದಿ. ನನಗ ನಗು ಬಂದಿತ್ತು, ಆ ಹೊತ್ತಿನಾಗ ನಗಬಾರ್ದಂತ ಸುಮ್ಮಾದೆ.’

ಅವಳು ಸುಳ್ಳು ಹೇಳುವವಳಲ್ಲ. ಅವತ್ತೂ ಹೇಳಿರಲಿಲ್ಲ. ನನ್ನ ಕಣ್ಣ ಮುಂದೆ ಮಾತ್ರ ಈಗಲೂ ಅವಳ ಸೆರಗೇ ಇದೆ, ಅದರ ಅಂಚಿನ ಹಸಿರು ಬಣ್ಣ ಸಮೇತ. ಅಂಥ ಹಸಿರು ಅಂಚಿನ ಸೀರೆ ನನ್ನ ಹತ್ತಿರವೂ ಇತ್ತೇ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ಆ ದಿನ ಸೂರ್ಯನ ಮೇಲೆ ಏನಿತ್ತು ಎಂಬುದು ಜಗತ್ತಿನ ಬೇರೆ ಯಾವುದಾದರೂ ಮಾಳಿಗೆಯಿಂದ ಎಣಿಕೆಯಾಗಿ, ಆ ಕೇಂದ್ರದ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಬರೆದು ಕೇಳಬಹುದು. ಆದರೆ ಯಾವ ದಿನ ಎಂದು ಬರೆಯಲಿ? ಭಾನುವಾರ ಎಂಬುದೂ ನನಗೆ ಖಚಿತವಿಲ್ಲ. ಕಾಕಾ ಬಸ್ಸು ಹತ್ತಿದ್ದೊಂದೇ ಉಳಿದಿರುವ ಸಾಕ್ಷಿ. ತನಗೆ ಕಂಡದ್ದು ಈಬತ್ತಿಯೇ ಆದರೂ, ಅವರಿಗೆ ಕಲೆ ಕಂಡಿದ್ದರಿಂದ ಹತ್ತಿದರು ಎಂದು ಕಾಕು ನಂಬಿದ್ದಾಳೆ. ಕಾಣದೆ, ಇನ್ನು ಕಾಯಲಾರೆ ಎಂದು ಹತ್ತಿದರೆಂದು ನನಗೆ ಒಂದೊಂದು ದಿನ ಅನ್ನಿಸುತ್ತದೆ, ಇನ್ನೊಂದು ದಿನ ಅನ್ನಿಸುವುದಿಲ್ಲ. ಹಾಳೆಯ ಮೇಲಿದ್ದದ್ದು ಕಲೆಯೋ ವಿಭೂತಿಯೋ ನನಗೆ ಗೊತ್ತಿಲ್ಲ. ಅದು ಕಾಕಾನಿಗೆ ಕಂಡಿತ್ತೋ ಇಲ್ಲವೋ ಗೊತ್ತಿಲ್ಲ. ಗಾಜು ಒರೆಸಿದ್ದು ನಾನೇ ಇರಬಹುದು. ಅದೂ ಗೊತ್ತಿಲ್ಲ.